ಹೊಸದಾಗಿ ಇಎಂಟಿ ಆದವರು ಮೊದಲು ಏನು ಗಟ್ಟಿ ಮಾಡಿಕೊಳ್ಳಬೇಕು?

ರೋಗಿಯನ್ನು ನೋಡುವ ಕ್ರಮ. ಇಎಂಟಿ ಅಂದರೆ ಆಂಬುಲೆನ್ಸ್‌ನಲ್ಲಿ ರೋಗಿಯ ಜೊತೆಗಿದ್ದು ತುರ್ತು ಆರೈಕೆ ಮಾಡುವವರು. ಯಾವ ಕೇಸ್‌ಗೆ ಹೋದರೂ ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ನಾಡಿ ನೋಡಿ. ರಕ್ತ ಜೋರಾಗಿ ಸುರಿಯುತ್ತಿದ್ದರೆ ಮಾತ್ರ ಮೊದಲು ಅದನ್ನು ಒತ್ತಿ ಹಿಡಿಯಿರಿ.

ಯಾಕೆಂದರೆ ಆಮ್ಲಜನಕ ಸಿಗದಿದ್ದರೆ 4ರಿಂದ 6 ನಿಮಿಷದಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ. ಪ್ರಜ್ಞೆ ತಪ್ಪಿದವರ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚಬಹುದು. ಅಪಘಾತವಾಗಿದ್ದರೆ ಕತ್ತು ಅಲ್ಲಾಡಿಸದೆ ದವಡೆಯನ್ನು ಮುಂದಕ್ಕೆತ್ತಿ, ದಾರಿ ತೆರೆದುಕೊಳ್ಳುತ್ತದೆ. ಕಾಲು ಮುರಿದು ಕೂಗಾಡುವವರ ಕಡೆಗೇ ಎಲ್ಲರ ಗಮನ ಹೋಗುತ್ತದೆ, ಅಲ್ವಾ? ಆದರೆ ಕೂಗುವವರಿಗೆ ಉಸಿರಿದೆ. ಸುಮ್ನೆ ಬಿದ್ದಿರುವವರನ್ನು ಮೊದಲು ನೋಡಿ.

ಡ್ಯೂಟಿ ಶುರುವಾದ ಕೂಡಲೇ ಆಕ್ಸಿಜನ್ ಸಿಲಿಂಡರ್, ಸಕ್ಷನ್ (ಬಾಯಿ-ಗಂಟಲಿನ ಕಫ, ರಕ್ತ ಹೀರಿ ತೆಗೆಯುವ ಯಂತ್ರ), ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ನೀವೇ ಮುಟ್ಟಿ ಪರೀಕ್ಷಿಸಿ. ಹಿಂದಿನ ಪಾಳಿಯವರು ಎಲ್ಲಾ ಸರಿ ಇದೆ ಅಂದರೂ ಬಿಡಬೇಡಿ.

ಗೊಂದಲವಾದರೆ ತಡಮಾಡದೆ ಕೇಳಿ. ನಮ್ಮ 108 ಸೇವೆಯಲ್ಲಿ ಫೋನ್‌ನಲ್ಲೇ ಸಲಹೆ ಕೊಡುವ ವೈದ್ಯರಿರುತ್ತಾರೆ. ಅವರಿಗೆ ರೋಗಿ ಕಾಣುವುದಿಲ್ಲ, ಹಾಗಾಗಿ ನಾಡಿ, ಬಿಪಿ, ಆಕ್ಸಿಜನ್ ಮಟ್ಟ ಬರೆದಿಟ್ಟುಕೊಂಡೇ ಕರೆ ಮಾಡಿ.