ಖಳನಾಯಕನ ತಪ್ಪನ್ನು ಮನ್ನಿಸದೆಯೇ ಅವನ ಬಗ್ಗೆ ಮರುಕ ಹುಟ್ಟಿಸುವುದು ಹೇಗೆ?

ಅವನು ಕೆಡುವ ಮುನ್ನ ಅವನಲ್ಲಿದ್ದ ಒಳ್ಳೆಯತನವನ್ನು ಓದುಗರಿಗೆ ಕಾಣಿಸಬೇಕು. ನೊಂದವರೆಲ್ಲ ಕೆಡುಕರಾಗುವುದಿಲ್ಲವಾದ್ದರಿಂದ, ಬಾಲ್ಯದ ನೋವೊಂದನ್ನೇ ಕಾರಣವಾಗಿ ಕೊಟ್ಟರೆ ಅದು ನೆಪವೆನಿಸುತ್ತದೆ. ಒಳ್ಳೆಯವನಾಗಿಯೇ ಉಳಿಯಬಹುದಾಗಿದ್ದವನು ಜಾರಿದಾಗ ಕರುಳು ಚುರುಕ್ಕೆನ್ನುತ್ತದೆ.

ಇದಕ್ಕೆ ಹಳಗನ್ನಡ ಕವಿ ನಾಗಚಂದ್ರನ ರಾವಣನಿಗಿಂತ ಉತ್ತಮ ನಿದರ್ಶನ ಕನ್ನಡದಲ್ಲಿ ನನಗೆ ಕಾಣದು. ಜೈನ ಪರಂಪರೆಯ ಕಥೆಯನ್ನು ಅನುಸರಿಸಿ ಸುಮಾರು 1100ರ ಹೊತ್ತಿಗೆ ಅವನು ಬರೆದ ‘ರಾಮಚಂದ್ರಚರಿತಪುರಾಣ’ದಲ್ಲಿ ರಾವಣನು ತನಗೆ ಒಲಿಯದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟವನು, ತಾನಾಗಿಯೇ ಒಲಿದು ಬಂದ ನಳಕೂಬರನ ಹೆಂಡತಿ ಉಪರಂಭೆಗೂ ಬುದ್ಧಿ ಹೇಳಿ ಗಂಡನ ಬಳಿಗೆ ಕಳುಹಿಸಿದವನು. ಅಂಥವನೇ ಸೀತೆಗೆ ಮನಸೋತು ಅವಳನ್ನು ಕದ್ದೊಯ್ದಾಗ, ಅವನು ಎಷ್ಟು ಎತ್ತರದಿಂದ ಬಿದ್ದನೆಂಬುದು ನಮಗೆ ತಿಳಿಯುತ್ತದೆ.

ಕವಿಯ ಅಸಲು ಪ್ರತಿಭೆ ಕಾಣುವುದು ಇದರ ಮುಂದಿನ ಭಾಗದಲ್ಲಿ. ರಾಮನಿಗೊದಗಲಿರುವ ಕೇಡಿನ ಮಾತು ಕೇಳಿ ಸೀತೆ ಮೂರ್ಛೆ ಹೋದದ್ದನ್ನು ಕಣ್ಣಾರೆ ಕಂಡ ರಾವಣನ ಮೋಹ ಕಳಚುತ್ತದೆ, ಪಶ್ಚಾತ್ತಾಪದಲ್ಲಿ ಅವನು ಬೇಯುತ್ತಾನೆ. ಆದರೂ ಈಗಲೇ ಅವಳನ್ನು ಒಪ್ಪಿಸಿದರೆ ಅಂಜಿದನೆಂಬ ಅಪಕೀರ್ತಿ ಬಂದೀತೆಂದು, ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದ ಮೇಲೆಯೇ ಒಪ್ಪಿಸುವೆನೆಂದು ನಿಶ್ಚಯಿಸಿ, ಕೊನೆಗೆ ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ. ತಿದ್ದಿಕೊಳ್ಳಲು ಹೊರಟವನನ್ನು ಅವನ ಅಭಿಮಾನವೇ ಕೊಲ್ಲುತ್ತದೆ. ಇಷ್ಟಾದರೂ ನಾಗಚಂದ್ರನು ಅಪಹರಣವನ್ನು ಸರಿಯೆನ್ನುವುದಿಲ್ಲ, ಸೀತೆಯ ಸಂಕಟವನ್ನು ಕಿರಿದಾಗಿಸುವುದೂ ಇಲ್ಲ. ರಾವಣನ ಕಣ್ಣು ತೆರೆಸುವುದು ಆ ಸಂಕಟವೇ.