ಸೂರ್ಯನ ಅಪ್ಪ ಚಂದ್ರನೇ?

ಪತ್ರ: ಹೋದ ಸಂಚಿಕೆಯ ಇರಾಕ್ ಲೇಖನದಲ್ಲಿ ‘ಚಂದ್ರನ ಮಗ ಸೂರ್ಯ’ ಎಂದು ಅಚ್ಚಾಗಿದೆ. ಇದು ತಿರುಗಾಮುರುಗಾ ಆಗಿದೆ ಅಲ್ವಾ? ಮತ್ತೆ, ಹಳೇ ಕಾಲದವರಿಗೆ ಚಂದ್ರ ಹೆಣ್ಣುದೇವತೆ ಎಂದು ಓದಿದ್ದೇನೆ. ಲೇಖನದಲ್ಲಿ ಗಂಡಸಾಗಿದ್ದಾನೆ!
– ಶಿರಸಿಯ ಓದುಗರು

ಉತ್ತರ: ತಿರುಗಾಮುರುಗಾ ಏನೂ ಆಗಿಲ್ಲ ಸ್ವಾಮಿ. ಅಲ್ಲಿನ ಹಳೇ ಕಾಲದವರು ನಂಬಿದ್ದೇ ಹಾಗೆ. ದಕ್ಷಿಣ ಇರಾಕಿನ ಉರ್ ಪಟ್ಟಣಕ್ಕೆ ಚಂದ್ರನೇ ಊರದೇವರು. ಆ ನಾಡಿನ ಹಳೇ ಜನರಾದ ಸುಮೇರಿಯನ್ನರು ಅವನನ್ನು ನಾನ್ನಾ ಎಂದರು, ಅವರ ನಂತರ ಅಲ್ಲಿ ಆಳಿದ ಬ್ಯಾಬಿಲೋನಿನವರು ಸಿನ್ ಎಂದರು. ಹೆಂಡತಿ ನಿಂಗಲ್. ಸೂರ್ಯದೇವ ಉತು ಈ ದಂಪತಿಯ ಮಗ.

ಅವರ ಪಂಚಾಂಗ ನೋಡಿದರೆ ಇದು ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ. ಬ್ಯಾಬಿಲೋನಿನವರ ದಿನ ಶುರುವಾಗುತ್ತಿದ್ದುದು ಸಂಜೆಗೆ. ಮೊದಲು ರಾತ್ರಿ, ಆಮೇಲೆ ಹಗಲು. ಅಂದಮೇಲೆ ರಾತ್ರಿಯ ದೇವರು ಹಿರಿಯನಾದದ್ದು ಸರಿಯೇ ಇದೆ ಎಂದು ನನಗನ್ನಿಸುತ್ತದೆ. ಅಮಾವಾಸ್ಯೆ ಕಳೆದು ಪಡುವಣದಲ್ಲಿ ಎಳೆಚಂದ್ರ ಕಂಡ ಸಂಜೆ ಹೊಸ ತಿಂಗಳು. ಆಳುಗಳಿಗೆ ಬಾರ್ಲಿ ಅಳೆದು ಕೊಡುತ್ತಿದ್ದುದೂ ತಿಂಗಳ ಲೆಕ್ಕದಲ್ಲೇ. ಸಿನ್ ಹೆಸರು ಬರೆಯಲು 30 ಎಂಬ ಅಂಕಿ ಹಾಕಿದರೂ ಸಾಕಿತ್ತು. ಮಗ ಸೂರ್ಯನಿಗೆ ಸಿಕ್ಕಿದ್ದು 20! ಚಂದ್ರನ ತಿಂಗಳು ಋತುಗಳಿಗಿಂತ ಹಿಂದೆ ಮುಂದೆ ಆದಾಗ ನಮ್ಮ ಅಧಿಕ ಮಾಸದ ಹಾಗೆ ಒಂದು ತಿಂಗಳನ್ನು ಸೇರಿಸುತ್ತಿದ್ದರು.

ಚಂದ್ರಗ್ರಹಣ ಬಂದರೆ ಮಾತ್ರ ಅರಮನೆಯೇ ನಡುಗುತ್ತಿತ್ತು. ನಮ್ಮಲ್ಲಿ ರಾಹು ಕೇತು ಇಬ್ಬರೇ. ಅಲ್ಲಿ ಏಳು ದುಷ್ಟಶಕ್ತಿಗಳು ಸಿನ್‌ನನ್ನು ಮುತ್ತಿಕೊಳ್ಳುತ್ತಿದ್ದವು. ಚಂದ್ರನ ಮುಖವನ್ನು ನಾಲ್ಕು ಭಾಗ ಮಾಡಿ, ಒಂದೊಂದು ಭಾಗ ಒಂದೊಂದು ನಾಡಿಗೆ ಎಂದು ಇಟ್ಟುಕೊಂಡಿದ್ದರು. ಯಾವ ಭಾಗ ಕಪ್ಪಾಯಿತೋ ಆ ನಾಡಿನ ದೊರೆಗೆ ಗಂಡಾಂತರ. ಕ್ರಿ.ಪೂ. 7ನೇ ಶತಮಾನದಲ್ಲಿ ಉತ್ತರ ಇರಾಕಿನ ಅಸ್ಸೀರಿಯಾ ರಾಜ್ಯದ ದೊರೆ ಎಸರ್‌ಹದ್ದೋನ್ ಇದಕ್ಕೆ ಹೆದರಿ ಸಿಂಹಾಸನದಲ್ಲಿ ಬದಲಿ ರಾಜನನ್ನು ಕೂರಿಸುತ್ತಿದ್ದ. ಹೆಚ್ಚೆಂದರೆ 100 ದಿನ. ಅಷ್ಟೂ ದಿನ ಅಸಲಿ ದೊರೆ ಮರೆಯಲ್ಲಿರುತ್ತಿದ್ದ. ಅವನಿಗೆ ಬರೆದ ಕಾಗದಗಳಲ್ಲಿ ‘ರೈತ’ ಎಂದೇ ಕರೆದಿದ್ದಾರೆ. ಅವಧಿ ಮುಗಿದ ಮೇಲೆ ಬದಲಿ ರಾಜನನ್ನು ಕೊಲ್ಲುತ್ತಿದ್ದರು. ಕೆಡುಕೆಲ್ಲ ಅವನ ಜೊತೆಗೇ ಹೋಯಿತು ಎಂಬ ನಂಬಿಕೆ. ಸುಮ್ನೆ ಕಟ್ಟುಕಥೆಯಲ್ಲ ಇದು, ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದ ಆ ಕಾಗದಗಳು ಇವತ್ತಿಗೂ ಉಳಿದಿವೆ.

ಇನ್ನು ಹೆಣ್ಣೋ ಗಂಡೋ ಎಂಬ ಪ್ರಶ್ನೆ. ಗ್ರೀಕರ ಸೆಲೀನೆ, ರೋಮನ್ನರ ಲೂನಾ ಹೆಣ್ಣುದೇವತೆಗಳು, ನಿಜ. ಆದರೆ ಈಜಿಪ್ಟಿನ ಖೊನ್ಸು, ಜಪಾನಿನ ತ್ಸುಕುಯೋಮಿ ಗಂಡಸರು. 27 ನಕ್ಷತ್ರಗಳನ್ನು ಮದುವೆಯಾದ ನಮ್ಮ ಚಂದ್ರನ ವಿಷಯ ಕೇಳುವುದೇ ಬೇಡ!

ಉರ್‌ನ ಗುಡಿಯಲ್ಲಿ ದೇವರು ಗಂಡಾದರೂ ಮುಖ್ಯ ಪೂಜಾರಿಣಿ ಹೆಣ್ಣು, ಅದೂ ರಾಜನ ಮಗಳು. ಕ್ರಿ.ಪೂ. 2300ರ ಸುಮಾರಿಗೆ ಸಾರ್ಗೋನ್ ದೊರೆಯ ಮಗಳು ಎನ್‌ಹೆದುವಾನ್ನಾ ಆ ಪಟ್ಟದಲ್ಲಿದ್ದಳು. ಕವಿಯಾಗಿ ಹೆಸರು ದಾಖಲಾದವರಲ್ಲಿ ಅವಳೇ ಮೊದಲಿಗಳು ಎನ್ನುತ್ತಾರೆ. ಕಾಲಾಂತರದಲ್ಲಿ ಈ ಪದ್ಧತಿ ನಿಂತುಹೋಯಿತು. ಕ್ರಿ.ಪೂ. 6ನೇ ಶತಮಾನದಲ್ಲಿ ಬ್ಯಾಬಿಲೋನಿನ ದೊರೆ ನಬೊನೀಡಸ್ ಅದನ್ನು ಮತ್ತೆ ಶುರುಮಾಡಿ ತನ್ನ ಮಗಳನ್ನೇ ಅಲ್ಲಿಗೆ ಕಳಿಸಿದ. ಕಾರಣ ಮತ್ತದೇ ಚಂದ್ರಗ್ರಹಣ. ಸಿನ್ ತನಗೊಬ್ಬ ಪೂಜಾರಿಣಿ ಬೇಕೆಂದು ಕೇಳುತ್ತಿದ್ದಾನೆ ಎಂದು ಆ ದೊರೆ ಅರ್ಥ ಮಾಡಿಕೊಂಡಿದ್ದ.

– ಸಂಪಾದಕ