ತೇರಿನ ಫೋಟೊದಲ್ಲಿ ನೀವು ಯಾಕಿಲ್ಲ

ಕಳೆದ ಸಂಚಿಕೆಯ ಮುಖಪುಟದಲ್ಲಿ ನಿಮ್ಮೂರಿನ ತೇರಿನ ಫೋಟೊ ಹಾಕಿದ್ದೆವು. ಅದನ್ನು ನೋಡಿ ನೀವು ಬರೆದಿದ್ದೀರಿ: "ಬೀದಿಗೆ ಅಡ್ಡ ಇದ್ದ ಕೇಬಲ್ ತಂತಿಯನ್ನು ಮಾಳಿಗೆ ಮೇಲೆ ನಿಂತು ಬಿದಿರು ಗಳದಿಂದ ಎತ್ತಿ ಹಿಡಿದವನು ನಾನು. ಫೋಟೊದಲ್ಲಿ ತಂತಿಯೂ ಇಲ್ಲ, ನಾನೂ ಇಲ್ಲ. ಒಳಪುಟದಲ್ಲಿ ನೋಡಿದರೆ ಡೀಪ್‌ಫೇಕ್ (ಕಂಪ್ಯೂಟರಿನಲ್ಲಿ ಸೃಷ್ಟಿಸಿದ ನಕಲಿ ಫೋಟೊ, ವಿಡಿಯೊ) ಮಾಡುವವರಿಗೆ ಬೈದಿದ್ದೀರಿ. ಇದು ಸರಿನಾ?"

ಸರಿಯಲ್ಲ. ಮೂಲ ಫೋಟೊ ತರಿಸಿ ನೋಡಿದೆ. ಕಳಸದ ಪಕ್ಕದಲ್ಲಿ ಕಪ್ಪು ತಂತಿ, ಬಲಗಡೆ ಮಾಳಿಗೆಯ ಅಂಚಿನಲ್ಲಿ ಹೆಗಲಿಗೆ ಟವೆಲ್ ಹಾಕಿಕೊಂಡು, ಕತ್ತು ಮೇಲೆತ್ತಿ, ಗಳ ಹಿಡಿದು ನಿಂತ ನೀವು. ಪತ್ರಿಕೆಯ ಹೆಸರು ಎದ್ದು ಕಾಣಲಿ ಅಂತ ಆಕಾಶ ಕ್ಲೀನ್ ಮಾಡಿಸಿದ್ದೆವು, ಒಪ್ಪಿಗೆ ಕೊಟ್ಟವನು ನಾನೇ. ಬೆಳಕು ಸ್ವಲ್ಪ ಜಾಸ್ತಿ ಮಾಡುವುದು ಬೇರೆ, ಅಲ್ಲಿದ್ದ ಮನುಷ್ಯನನ್ನೇ ತೆಗೆಯುವುದು ಬೇರೆ ಅಲ್ವಾ? 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ, ಅಡ್ಡ ಫೋಟೊ ಉದ್ದ ಮುಖಪುಟಕ್ಕೆ ಹೊಂದಲಿ ಅಂತ ಈಜಿಪ್ಟಿನ ಪಿರಮಿಡ್‌ಗಳನ್ನೇ ಹತ್ತಿರ ಸರಿಸಿತ್ತು. ನಮ್ಮದೂ ಅದೇ ತಪ್ಪು.

ಇದಕ್ಕೆ ಜೈಲಿಲ್ಲ, ನಿಜ. ಕಾನೂನು ಮುಖ್ಯವಾಗಿ ಕೇಳುವುದು ಮೋಸ ಆಯಿತಾ, ಮಾನ ಹೋಯಿತಾ ಅಂತ. ಆದರೆ ಸಣ್ಣ ತಿದ್ದುಪಡಿ ಎಷ್ಟು ದೂರ ಹೋಗುತ್ತದೆ ನೋಡಿ. 2023ರ ಮೇ 28ರಂದು ದೆಹಲಿಯಲ್ಲಿ ಹೋರಾಟಕ್ಕಿಳಿದಿದ್ದ ಕುಸ್ತಿಪಟುಗಳನ್ನು ಪೊಲೀಸರು ವಶಕ್ಕೆ ತೆಗೆದುಕೊಂಡಾಗ, ಅವರಲ್ಲಿ ವಿನೇಶ್ ಮತ್ತು ಸಂಗೀತಾ ಫೋಗಟ್ ಇದ್ದ ಒಂದು ಸೆಲ್ಫಿ ಬಂತು. ವಾಹನದೊಳಗೆ ನಗುವಿಲ್ಲದ ಮುಖಗಳು. ಯಾರೋ ಆ ಮುಖಗಳಿಗೆ ನಗು ಅಂಟಿಸಿ ಹರಿಬಿಟ್ಟರು. ಬದಲಾಗಿದ್ದು ಬರೀ ತುಟಿ, ಆದರೆ ನೋಡಿದವರಿಗೆ ಇಡೀ ಹೋರಾಟವೇ ನಾಟಕ ಅನ್ನಿಸಬೇಕು, ಹಾಗಿತ್ತು.

ನಿಮ್ಮ ಪಕ್ಕದ ಮನೆಯ ಹುಡುಗಿಯ ಮುಖವನ್ನು ಅಶ್ಲೀಲ ಚಿತ್ರಕ್ಕೆ ಅಂಟಿಸಿದ್ದಾರೆ ಅಂತಲೂ ಬರೆದಿದ್ದೀರಿ. ಅದು ಸ್ಪಷ್ಟವಾಗಿ ಅಪರಾಧ. ಇಂಥದ್ದನ್ನು ಹರಡಿದರೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸುಮ್ನೆ ಫಾರ್ವರ್ಡ್ ಮಾಡಿದೆ ಅಂದರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಹೆದರಿ ಡಿಲೀಟ್ ಮಾಡಬೇಡಿ ಅಂತ ಮನೆಯವರಿಗೆ ಹೇಳಿ. ಲಿಂಕ್, ದಿನಾಂಕ, ಕಳಿಸಿದವರ ನಂಬರ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಲಿ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಚಿತ್ರ ಇರುವ ಆ್ಯಪ್‌ನವರಿಗೂ ಬರೆಯಲಿ. 2021ರ ಐಟಿ ನಿಯಮ ಬಂದಾಗಲೇ, ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕು ಅಂತ ಹೇಳಿತ್ತು. ಆ ಹುಡುಗಿಯದು ಏನೂ ತಪ್ಪಿಲ್ಲ, ಇದನ್ನು ಅವಳ ಎದುರಿಗೇ ಹೇಳಿ.

ಮುಂದಿನ ಸಂಚಿಕೆಯ 3ನೇ ಪುಟದಲ್ಲಿ ಮೂಲ ಫೋಟೊವನ್ನು ಇದ್ದ ಹಾಗೇ ಹಾಕುತ್ತೇವೆ. ಅದರ ಕೆಳಗೆ ನಿಮ್ಮ ಹೆಸರು ಬರಬೇಕು. ಪತ್ರದಲ್ಲಿ ಬರೀ ಇನಿಷಿಯಲ್ ಇದೆ, ಪೂರ್ತಿ ಹೆಸರು ಬರೆದು ಕಳಿಸಿ.